ಲೆಕ್ಕ ಬಲ್ಲ ಜೀವಕೋಶ

ಕೋಲ್ಕತ್ತದ ಸಾಹಾ ಇನ್‌ಸ್ಟಿಟ್ಯೂಟ್ ಆಫ್ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಸಂಗ್ರಾಮ್ ಬಾಗ್ ಅವರ ತಂಡ ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಹೊಸ ಜೀನ್‌ಗಳನ್ನು ಸೇರಿಸಿ ಅದರ ಮುಂದೆ ಒಂದು ಶಾಲಾ ಪ್ರಶ್ನೆಯನ್ನಿಟ್ಟಿತು. ಸೊನ್ನೆಯಿಂದ ಒಂಬತ್ತರವರೆಗಿನ ಒಂದು ಅಂಕಿ ಕೊಡುತ್ತೇವೆ, ಅದು ಅವಿಭಾಜ್ಯ ಸಂಖ್ಯೆ ಹೌದೋ ಅಲ್ಲವೋ ಹೇಳು ಎಂಬುದೇ ಆ ಪ್ರಶ್ನೆ. ಬ್ಯಾಕ್ಟೀರಿಯಾ ಹೊಳೆಯುವ ಪ್ರೋಟೀನ್ ತಯಾರಿಸಿ ಉತ್ತರ ಕೊಟ್ಟಿತು. ಇಂಗ್ಲಿಷ್ ಅಕ್ಷರವೊಂದನ್ನು ಕೊಟ್ಟರೆ ಅದು ಸ್ವರವೋ ಅಲ್ಲವೋ ಎಂದು ಹೇಳುವ ಬ್ಯಾಕ್ಟೀರಿಯಾಗಳನ್ನೂ ಇದೇ ತಂಡ ಕಟ್ಟಿತು. ಈ ಕೆಲಸ 2024ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಯಲ್ಲಿ ಪ್ರಕಟವಾಯಿತು.

ಕಣ್ಣಿಲ್ಲದ, ಕಿವಿಯಿಲ್ಲದ, ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲಿನಷ್ಟು ಉದ್ದದ ಜೀವಿಗೆ ಅಂಕಿಯನ್ನು ತಿಳಿಸುವುದಾದರೂ ಹೇಗೆ? ಕಂಪ್ಯೂಟರಿಗೆ ತಿಳಿಸುವ ಹಾಗೆಯೇ, ದ್ವಿಮಾನ ಪದ್ಧತಿಯಲ್ಲಿ. ನಾಲ್ಕು ರಾಸಾಯನಿಕಗಳನ್ನು ಆರಿಸಿಕೊಂಡು ಅವುಗಳಿಗೆ 8, 4, 2, 1 ಎಂದು ಬೆಲೆ ಕಟ್ಟಿದರಾಯಿತು. ಐದು ಬೇಕೆಂದರೆ 4ರ ರಾಸಾಯನಿಕವನ್ನೂ 1ರ ರಾಸಾಯನಿಕವನ್ನೂ ದ್ರಾವಣಕ್ಕೆ ಹಾಕಬೇಕು, ಉಳಿದೆರಡನ್ನು ಹಾಕಬಾರದು. ಏಳಕ್ಕೆ 4, 2, 1 ಮೂರೂ ಬೇಕು. ಏನನ್ನೂ ಹಾಕದ ಬರಿಯ ದ್ರಾವಣವೆಂದರೆ ಸೊನ್ನೆ.

ಈಗ ಪ್ರಶ್ನೆಯನ್ನು ಕಾಗದದ ಮೇಲೆ ಬಿಡಿಸಿ ನೋಡಿ. ಒಂಬತ್ತರೊಳಗಿನ ಅವಿಭಾಜ್ಯಗಳು 2, 3, 5, 7. ಎರಡು ಬಗೆಯ ಬ್ಯಾಕ್ಟೀರಿಯಾ ನಮ್ಮ ಬಳಿ ಇವೆ ಎಂದುಕೊಳ್ಳೋಣ. ಮೊದಲನೆಯದು 4 ಇಲ್ಲದೆ 2 ಇದ್ದಾಗ ಮಾತ್ರ ಹೊಳೆಯುತ್ತದೆ. ಎರಡನೆಯದು 4 ಮತ್ತು 1 ಎರಡೂ ಇದ್ದಾಗ ಮಾತ್ರ ಹೊಳೆಯುತ್ತದೆ. ಮೊದಲನೆಯದು 2 ಮತ್ತು 3ನ್ನು ಹಿಡಿಯುತ್ತದೆ, ಎರಡನೆಯದು 5 ಮತ್ತು 7ನ್ನು. ಆರರಲ್ಲಿ 4 ಇದೆ, ಆದರೆ 1 ಇಲ್ಲ, ಎರಡೂ ಸುಮ್ಮನಿರುತ್ತವೆ. ಒಂಬತ್ತರಲ್ಲಿ ಇರುವುದು 8 ಮತ್ತು 1. ಆಗಲೂ ಎರಡೂ ಸುಮ್ಮನೆ. 8ರ ರಾಸಾಯನಿಕದ ಕಡೆ ಯಾರೂ ತಿರುಗಿಯೂ ನೋಡಬೇಕಿಲ್ಲ. ಎರಡನ್ನೂ ಒಂದೇ ನಳಿಕೆಯಲ್ಲಿ ಬೆರೆಸಿಟ್ಟರೆ, ನಳಿಕೆ ಹೊಳೆದಾಗ ಕೊಟ್ಟ ಅಂಕಿ ಅವಿಭಾಜ್ಯ. ಇಡೀ ಪ್ರಶ್ನೆಯನ್ನು ಅರಿಯುವ ಜೀವಕೋಶ ಆ ನಳಿಕೆಯಲ್ಲಿ ಒಂದೂ ಇಲ್ಲ. ಒಂದೊಂದಕ್ಕೂ ಗೊತ್ತಿರುವುದು ತನ್ನ ಪಾಲಿನ ತುಣುಕು ಮಾತ್ರ. ಬಾಗ್ ಅವರ ತಂಡದ ವಿಧಾನದ ತಿರುಳೂ ಇದೇ. ಮಿದುಳಿನ ನರಕೋಶಗಳ ಜಾಲವನ್ನು ಮಾದರಿಯಾಗಿಟ್ಟುಕೊಂಡು, ಒಂದೊಂದು ಬ್ಯಾಕ್ಟೀರಿಯಾ ಬಳಗಕ್ಕೂ ಒಂದೊಂದು ಚಿಕ್ಕ ತೀರ್ಮಾನವನ್ನು ಹಂಚಿ, ಆ ಬಳಗಗಳನ್ನು ಅವರು ‘ಬ್ಯಾಕ್ಟೋನ್ಯೂರಾನ್’ ಎಂದು ಕರೆಯುತ್ತಾರೆ.

‘ಇದು ಇದ್ದು, ಅದು ಇಲ್ಲದಿದ್ದರೆ ಮಾತ್ರ’ ಎಂಬ ಷರತ್ತನ್ನು ಬ್ಯಾಕ್ಟೀರಿಯಾಕ್ಕೆ ನಾವು ಹೊಸದಾಗಿ ಕಲಿಸಬೇಕಾಗಿಲ್ಲ. ಅದು ಕೋಟ್ಯಂತರ ವರ್ಷಗಳಿಂದ ಈ ಲೆಕ್ಕ ಹಾಕಿಕೊಂಡೇ ಬದುಕಿದೆ. 1940ರ ದಶಕದ ಪ್ಯಾರಿಸ್‌ನಲ್ಲಿ ಝಾಕ್ ಮೊನೊ ಇ. ಕೋಲೈಗೆ ಗ್ಲೂಕೋಸ್ ಮತ್ತು ಲ್ಯಾಕ್ಟೋಸ್ ಎರಡನ್ನೂ ಒಟ್ಟಿಗೆ ಕೊಟ್ಟು ಅದರ ಬೆಳವಣಿಗೆಯನ್ನು ಅಳೆದರು. ಬ್ಯಾಕ್ಟೀರಿಯಾ ಮೊದಲು ಗ್ಲೂಕೋಸನ್ನಷ್ಟೇ ತಿಂದು ಮುಗಿಸಿತು. ಆಮೇಲೆ ಬೆಳವಣಿಗೆ ಸ್ವಲ್ಪ ಹೊತ್ತು ನಿಂತೇಹೋಯಿತು. ಅದಾದ ಮೇಲೆ ಲ್ಯಾಕ್ಟೋಸ್ ತಿನ್ನಲು ಶುರುವಾಯಿತು. ನಡುವಿನ ಆ ಬಿಡುವಿನಲ್ಲಿ ಆಗುತ್ತಿದ್ದುದೇನು ಎಂಬ ಪ್ರಶ್ನೆ ಮೊನೊ ಅವರನ್ನು ಬಿಡಲಿಲ್ಲ. ಪಾಸ್ಚರ್ ಸಂಸ್ಥೆಯಲ್ಲಿ ಫ್ರಾಂಸ್ವಾ ಝಾಕೋಬ್ ಜೊತೆಗೂಡಿ ಅವರು 1961ರಲ್ಲಿ ಉತ್ತರ ಕೊಟ್ಟರು. 1965ರಲ್ಲಿ ಇಬ್ಬರಿಗೂ ಆಂದ್ರೆ ಲ್ವೋಫ್ ಅವರ ಜೊತೆ ನೊಬೆಲ್ ಬಂತು.

ಉತ್ತರ ಇಷ್ಟು. ಲ್ಯಾಕ್ಟೋಸ್ ಜೀರ್ಣಿಸುವ ಕಿಣ್ವದ ಜೀನ್ ಡಿಎನ್‌ಎ ಎಳೆಯ ಮೇಲೆ ಸದಾ ಇರುತ್ತದೆ, ಆದರೆ ಅದರ ಮುಂದೆ ಒಂದು ತಡೆ ಪ್ರೋಟೀನ್ ಕೂತಿರುತ್ತದೆ. ಜೀನನ್ನು ಓದುವ ಯಂತ್ರ, ಅಂದರೆ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ, ಅದನ್ನು ದಾಟಿ ಮುಂದೆ ಹೋಗಲಾರದು. ಲ್ಯಾಕ್ಟೋಸ್ ಒಳಗೆ ಬಂದಾಗ ಅದರಿಂದ ಹುಟ್ಟುವ ಒಂದು ಅಣು ತಡೆ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ತಡೆಯ ಆಕಾರ ಬದಲಾಗಿ ಹಿಡಿತ ತಪ್ಪುತ್ತದೆ. ಅಷ್ಟಾದರೂ ಸಾಲದು. ಗ್ಲೂಕೋಸ್ ಮುಗಿದಾಗ ಮಾತ್ರ ಕೆಲಸಕ್ಕಿಳಿಯುವ ಇನ್ನೊಂದು ಪ್ರೋಟೀನ್ ಬಂದು ಪಾಲಿಮರೇಸನ್ನು ಕೈಹಿಡಿದು ಕೂರಿಸಬೇಕು. ಲ್ಯಾಕ್ಟೋಸ್ ಇರಬೇಕು, ಗ್ಲೂಕೋಸ್ ಇರಬಾರದು: ಎರಡು ಷರತ್ತು, ಒಂದು ತೀರ್ಮಾನ. ಎಲೆಕ್ಟ್ರಾನಿಕ್ಸ್ ಓದಿದವರು ಇದನ್ನು ನೋಡಿದೊಡನೆ ಲಾಜಿಕ್ ಗೇಟ್ ಎಂದು ಗುರುತಿಸುತ್ತಾರೆ.

ಗುರುತಿಸುವುದು ಬೇರೆ, ಹೊಸದಾಗಿ ಕಟ್ಟುವುದು ಬೇರೆ. ಕಟ್ಟಬಹುದೆಂದು ತೋರಿಸಿದ್ದು 2000ನೇ ಇಸವಿಯ ಜನವರಿಯಲ್ಲಿ, ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದ ಎರಡು ಲೇಖನಗಳು. ಬಾಸ್ಟನ್ ವಿಶ್ವವಿದ್ಯಾಲಯದ ಗಾರ್ಡ್ನರ್, ಕ್ಯಾಂಟರ್, ಕಾಲಿನ್ಸ್ ಒಂದನ್ನೊಂದು ತಡೆಯುವ ಎರಡು ಜೀನ್‌ಗಳನ್ನು ಇ. ಕೋಲೈಯೊಳಗೆ ಜೋಡಿಸಿದರು. ಯಾವುದು ಮೇಲುಗೈ ಪಡೆಯಿತೋ ಅದೇ ಮುಂದುವರಿಯುತ್ತದೆ, ಹೊರಗಿನಿಂದ ಒಂದು ರಾಸಾಯನಿಕ ಕೊಟ್ಟೋ ಬಿಸಿ ಮಾಡಿಯೋ ತಿರುಗಿಸುವ ತನಕ. ಒಂದು ಬಿಟ್‌ನ ನೆನಪು ಅದು. ಪ್ರಿನ್ಸ್‌ಟನ್‌ನ ಮೈಕೆಲ್ ಎಲೋವಿಟ್ಸ್ ಮತ್ತು ಸ್ಟಾನಿಸ್ಲಾಸ್ ಲೈಬ್ಲರ್ ಮೂರು ತಡೆ ಪ್ರೋಟೀನ್‌ಗಳನ್ನು ಬಳೆಯಾಕಾರದಲ್ಲಿ ಕಟ್ಟಿದರು: ಮೊದಲನೆಯದು ಎರಡನೆಯದನ್ನು ತಡೆಯುತ್ತದೆ, ಎರಡನೆಯದು ಮೂರನೆಯದನ್ನು, ಮೂರನೆಯದು ಮತ್ತೆ ಮೊದಲನೆಯದನ್ನು. ಮೂರರಲ್ಲಿ ಯಾವುದೂ ಶಾಶ್ವತವಾಗಿ ಗೆಲ್ಲಲಾರದು. ಹೀಗಾಗಿ ಬ್ಯಾಕ್ಟೀರಿಯಾ ಸುಮಾರು 160 ನಿಮಿಷಕ್ಕೊಮ್ಮೆ ಹಸಿರಾಗಿ ಹೊಳೆದು ಮಂಕಾಗುತ್ತಿತ್ತು. ಜೀವಕೋಶ ಒಡೆದು ಎರಡಾಗಲು ಹಿಡಿಯುತ್ತಿದ್ದುದು ಅದರ ಅರ್ಧಕ್ಕಿಂತ ಕಡಿಮೆ ಹೊತ್ತು. ಅಂದರೆ ಅಜ್ಜಿಯ ಹೊಟ್ಟೆಯಲ್ಲಿ ಶುರುವಾದ ಎಣಿಕೆಯನ್ನು ಮೊಮ್ಮಗಳು ಮುಗಿಸುತ್ತಿದ್ದಳು. ಈ ಒಂದು ಸಂಗತಿಗಾಗಿಯೇ ಆ ಲೇಖನ ನನಗೆ ಇವತ್ತಿಗೂ ಅಚ್ಚರಿಯದು.

ಆದರೆ ಆ ಗಡಿಯಾರ ಸರಿಯಾಗಿ ನಡೆಯುತ್ತಿರಲಿಲ್ಲ. ಸುಮಾರು ನೂರಕ್ಕೆ 40 ಕೋಶಗಳಲ್ಲಷ್ಟೇ ಏರಿಳಿತ ಕಾಣಿಸಿತು. ಅಕ್ಕತಂಗಿ ಕೋಶಗಳು ಕೂಡ ಸ್ವಲ್ಪ ಹೊತ್ತಿನಲ್ಲೇ ಪರಸ್ಪರ ಲಯ ತಪ್ಪುತ್ತಿದ್ದವು. ಒಂದು ಜೀವಕೋಶದಲ್ಲಿ ಒಂದು ಜೀನ್ ಸಾಮಾನ್ಯವಾಗಿ ಒಂದೆರಡು ಪ್ರತಿಯಷ್ಟೇ ಇರುತ್ತದೆ. ಲ್ಯಾಕ್ಟೋಸ್ ಜೀನಿನ ತಡೆ ಪ್ರೋಟೀನ್ ಸಹಜ ಕೋಶವೊಂದರಲ್ಲಿ ಹತ್ತರ ಆಸುಪಾಸು. ಹತ್ತು ಅಣುಗಳಲ್ಲಿ ಎರಡು ಆಚೀಚೆಯಾದರೂ ಲೆಕ್ಕ ಹೆಚ್ಚುಕಮ್ಮಿಯಾಗುತ್ತದೆ. ಮೊದಲ ತೊಡಕಾದ ಈ ಏರುಪೇರಿಗೆ ವಿಜ್ಞಾನಿಗಳು ‘ನಾಯ್ಸ್’ ಎನ್ನುತ್ತಾರೆ. ಈಗ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿರುವ ಮುಕುಂದ್ ತಟ್ಟಾಯಿ ಎಂಐಟಿಯಲ್ಲಿದ್ದಾಗ, 2001ರಲ್ಲಿ, ಅಲೆಕ್ಸಾಂಡರ್ ವಾನ್ ಔಡನಾರ್ಡನ್ ಜೊತೆ ಸೇರಿ ಇದರ ಗಣಿತವನ್ನು ಬಿಡಿಸಿದರು. ಜೀನನ್ನು ಓದಿದಾಗ ಸಿಗುವ ಒಂದು ಆರ್‌ಎನ್‌ಎ ಪ್ರತಿಯಿಂದ ಎಷ್ಟು ಪ್ರೋಟೀನ್ ಹುಟ್ಟುತ್ತದೆ ಎಂಬುದರ ಮೇಲೆ ಏರುಪೇರು ನಿಂತಿದೆ: ಒಂದೊಂದು ಪ್ರತಿಯಿಂದ ರಾಶಿ ರಾಶಿ ಪ್ರೋಟೀನ್ ಹುಟ್ಟಿದರೆ ಏರುಪೇರು ಹೆಚ್ಚು, ಹೆಚ್ಚು ಪ್ರತಿಗಳಿಂದ ಸ್ವಲ್ಪ ಸ್ವಲ್ಪ ಹುಟ್ಟಿದರೆ ಕಡಿಮೆ. ಮರುವರ್ಷ ಬ್ಯಾಸಿಲಸ್ ಸಬ್‌ಟಿಲಿಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ನಡೆಸಿದ ಪ್ರಯೋಗವೂ ಇದನ್ನೇ ಹೇಳಿತು. ಸರಾಸರಿ ಅಷ್ಟೇ ಇದ್ದರೂ ದಾರಿ ಬೇರೆಯಾದರೆ ನೆಚ್ಚಿಕೆ ಬೇರೆಯಾಗುತ್ತದೆ ಎಂಬುದು ಗೇಟ್ ಕಟ್ಟುವವರಿಗೆ ದೊಡ್ಡ ಸುಳಿವು.

ಎರಡನೆಯ ತೊಡಕು ತಂತಿಯದು. ಕಂಪ್ಯೂಟರ್ ಚಿಪ್‌ನೊಳಗೆ ಒಂದು ಟ್ರಾನ್ಸಿಸ್ಟರಿನಿಂದ ಇನ್ನೊಂದಕ್ಕೆ ಲೋಹದ ಎಳೆ ಇರುತ್ತದೆ. ಸಂಕೇತ ಆ ಎಳೆಯನ್ನು ಬಿಟ್ಟು ಆಚೆ ಹೋಗದು. ಜೀವಕೋಶದಲ್ಲಿ ಎಳೆಯಿಲ್ಲ. ಎಲ್ಲ ಪ್ರೋಟೀನ್‌ಗಳೂ ಒಂದೇ ದ್ರವದಲ್ಲಿ ತೇಲಾಡುತ್ತಿರುತ್ತವೆ. ತುಂಬಿದ ಸಂತೆಯಲ್ಲಿ ಯಾರೋ ಹೆಸರು ಹಿಡಿದು ಕೂಗಿದರೆ ಆ ಹೆಸರಿನವರು ಮಾತ್ರ ತಿರುಗುವಂತೆ, ಇಲ್ಲಿ ಪ್ರತಿ ತಡೆ ಪ್ರೋಟೀನೂ ತನ್ನ ಡಿಎನ್‌ಎ ಬರಹವನ್ನಷ್ಟೇ ಗುರುತಿಸಿ ಹಿಡಿಯಬೇಕು. ಎರಡು ಗೇಟುಗಳಿಗೆ ಒಂದೇ ಪ್ರೋಟೀನ್ ಬಳಸಿದಿರೋ, ಎರಡೂ ತಿರುಗುತ್ತವೆ. ಗೇಟುಗಳು ಹೆಚ್ಚಿದಂತೆಲ್ಲ ಹೊಸ ಹೊಸ ಪ್ರೋಟೀನ್ ಬೇಕು, ಅದೂ ಒಂದಕ್ಕೊಂದು ತೊಡರದಂಥದು. ಅಂಥವನ್ನು ಹುಡುಕಿ, ಅಳೆದು, ಪಟ್ಟಿ ಮಾಡುವುದರಲ್ಲೇ ಈ ವಿಜ್ಞಾನದ ಹಲವು ವರ್ಷಗಳು ಕಳೆದಿವೆ.

ಇದನ್ನು ದಾಟಲು ಒಂದು ಉಪಾಯ, ಕೆಲಸವನ್ನು ಹಲವು ಕೋಶಗಳಿಗೆ ಹಂಚುವುದು. ಕ್ರಿಸ್ಟೋಫರ್ ವಾಯ್ಟ್ ಅವರ ತಂಡ 2011ರಲ್ಲಿ ಒಂದೊಂದು ಕಾಲೊನಿಗೂ ಒಂದೊಂದು ನಾರ್ ಗೇಟ್ ಕೊಟ್ಟು, ಬ್ಯಾಕ್ಟೀರಿಯಾಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಬಳಸುವ ಅಣುಗಳನ್ನೇ ತಂತಿಯ ಬದಲು ಬಳಸಿತು. ನಾರ್ ಎಂದರೆ ಎರಡು ಒಳಸಂಕೇತಗಳಲ್ಲಿ ಎರಡೂ ಇಲ್ಲದಾಗ ಮಾತ್ರ ಹೌದೆನ್ನುವ ಗೇಟ್. ಅದೊಂದು ಇದ್ದರೆ ಮಿಕ್ಕ ಎಲ್ಲ ಗೇಟುಗಳನ್ನೂ ಅದರಿಂದಲೇ ಕಟ್ಟಬಹುದು. ಚಂದ್ರನಿಗೆ ಮನುಷ್ಯರನ್ನು ಒಯ್ದ ಅಪೋಲೊ ನೌಕೆಯ ಕಂಪ್ಯೂಟರಿನ ಲೆಕ್ಕವೆಲ್ಲ ನಾರ್ ಗೇಟುಗಳಿಂದಲೇ ನಡೆದದ್ದು.

ಹಂಚಿ ಮಾಡುವ ಲೆಕ್ಕಕ್ಕೆ ನನಗೆ ಅತ್ಯಂತ ಇಷ್ಟವಾದ ಉದಾಹರಣೆ 2009ರದು. ಜೆಫ್ ಟೇಬರ್, ವಾಯ್ಟ್ ಮತ್ತು ಸಂಗಡಿಗರು ತಟ್ಟೆಯ ತುಂಬ ಬೆಳಕನ್ನು ಗ್ರಹಿಸುವ ಬ್ಯಾಕ್ಟೀರಿಯಾ ಹರಡಿ, ಅದರ ಮೇಲೆ ಚಿತ್ರವೊಂದರ ನೆರಳು ಬೀಳಿಸಿದರು. ಕತ್ತಲಲ್ಲಿರುವ ಕೋಶ ಒಂದು ಸಂಕೇತದ ಅಣುವನ್ನು ಹೊರಬಿಡುತ್ತದೆ. ಬೆಳಕಿನಲ್ಲಿದ್ದೂ ಆ ಅಣುವನ್ನು ಗ್ರಹಿಸಿದ ಕೋಶ ಕಪ್ಪು ಬಣ್ಣ ತಯಾರಿಸುತ್ತದೆ. ಬೆಳಕಿದೆ, ಆದರೆ ನೆರೆಮನೆಯಲ್ಲಿ ಕತ್ತಲಿದೆ ಎಂಬ ಜಾಗ ಯಾವುದು? ನೆರಳಿನ ಅಂಚು. ತಟ್ಟೆಯ ಮೇಲೆ ನಿಧಾನವಾಗಿ ಮೂಡಿದ್ದು ಚಿತ್ರದ ಹೊರರೇಖೆ ಮಾತ್ರ. ಅಂಚು ಹುಡುಕುವುದು ಕಂಪ್ಯೂಟರ್ ದೃಷ್ಟಿ ವಿಜ್ಞಾನದ ಹಳೆಯ, ಮುಖ್ಯ ಲೆಕ್ಕ. ಒಂದೇ ಪ್ರೊಸೆಸರಿಗೆ ಚಿತ್ರ ದೊಡ್ಡದಾದಷ್ಟೂ ಕೆಲಸ ಹೆಚ್ಚುತ್ತದೆ. ತಟ್ಟೆಯ ಮೇಲಾದರೆ ಪ್ರತಿ ಕೋಶವೂ ತನ್ನ ಲೆಕ್ಕವನ್ನು ತಾನೇ, ಅದೇ ಹೊತ್ತಿನಲ್ಲಿ ಮಾಡುತ್ತದೆ. ಚಿತ್ರ ಎಷ್ಟೇ ದೊಡ್ಡದಾದರೂ ಹಿಡಿಯುವ ಸಮಯ ಅಷ್ಟೇ.

ವಿನ್ಯಾಸವನ್ನೇ ಕಂಪ್ಯೂಟರಿಗೆ ಒಪ್ಪಿಸುವ ಹೆಜ್ಜೆ ಬಂದದ್ದು 2016ರಲ್ಲಿ. ಎಂಐಟಿಯಲ್ಲಿ ವಾಯ್ಟ್, ಬಾಸ್ಟನ್ ವಿಶ್ವವಿದ್ಯಾಲಯದ ಡಗ್ಲಸ್ ಡೆನ್ಸ್‌ಮೋರ್ ಮತ್ತವರ ಸಂಗಡಿಗರು ‘ಸೆಲ್ಲೊ’ ಎಂಬ ತಂತ್ರಾಂಶ ಪ್ರಕಟಿಸಿದರು. ಬೆಂಗಳೂರಿನ ಚಿಪ್ ವಿನ್ಯಾಸಕಾರರು ದಿನವೂ ಬರೆಯುವ ವೆರಿಲಾಗ್ ಭಾಷೆಯಲ್ಲೇ ಬೇಕಾದ ತರ್ಕವನ್ನು ಬರೆದು ಕೊಟ್ಟರೆ, ಸೆಲ್ಲೊ ಅದಕ್ಕೆ ತಕ್ಕ ಡಿಎನ್‌ಎ ಅಕ್ಷರಮಾಲೆಯನ್ನು ಕೊಡುತ್ತದೆ. ಅವರು 60 ಸರ್ಕ್ಯೂಟ್‌ಗಳನ್ನು ಹೀಗೆ ವಿನ್ಯಾಸ ಮಾಡಿಸಿ, ಒಟ್ಟು 8,80,000 ಅಕ್ಷರಜೋಡಿಗಳ ಡಿಎನ್‌ಎ ಕಟ್ಟಿ, ಇ. ಕೋಲೈಯೊಳಗೆ ಇಟ್ಟು ನೋಡಿದರು. 45 ಸರ್ಕ್ಯೂಟ್‌ಗಳು ಎಲ್ಲ ಸ್ಥಿತಿಗಳಲ್ಲೂ ಸರಿಯಾದ ಉತ್ತರ ಕೊಟ್ಟವು. ಜೀವಶಾಸ್ತ್ರದಲ್ಲಿ ಇಂಥ ಫಲಿತಾಂಶ ಅಪರೂಪ. ಆದರೆ ಅವುಗಳಲ್ಲಿ ಅತಿ ದೊಡ್ಡದರಲ್ಲೂ ಇದ್ದದ್ದು ಹತ್ತು ನಿಯಂತ್ರಕ ಪ್ರೋಟೀನ್‌ಗಳು. ನಿಮ್ಮ ಜೇಬಿನ ಫೋನಿನಲ್ಲಿ ಟ್ರಾನ್ಸಿಸ್ಟರುಗಳು ನೂರಾರು ಕೋಟಿ.

ವೇಗದ ಮಾತೂ ಹಾಗೆಯೇ. ಇ. ಕೋಲೈಯ ರೈಬೋಸೋಮ್ ಸೆಕೆಂಡಿಗೆ ಹದಿನೈದಿಪ್ಪತ್ತು ಅಮೈನೊ ಆಮ್ಲ ಪೋಣಿಸುತ್ತದೆ. ಒಂದು ಮಧ್ಯಮ ಗಾತ್ರದ ಪ್ರೋಟೀನಿಗೆ ಅರ್ಧ ನಿಮಿಷವೂ ಬೇಡ. ತಡವಾಗುವುದು ಅದು ಸಾಕಷ್ಟು ತುಂಬಿಕೊಳ್ಳಲು. ಅದಕ್ಕಿಂತಲೂ ತಡ, ಅದು ಖಾಲಿಯಾಗಲು. ಗಟ್ಟಿ ಪ್ರೋಟೀನ್ ತಾನಾಗಿ ಕರಗುವುದಿಲ್ಲ. ಕೋಶ ಬೆಳೆದು ಎರಡಾದಾಗ ಅರ್ಧರ್ಧ ಹಂಚಿಹೋಗುತ್ತದೆ, ಅಷ್ಟೇ. ಒಂದು ಗೇಟ್ ಹೌದಿನಿಂದ ಇಲ್ಲಕ್ಕೆ ಬರಲು ಒಂದೋ ಎರಡೋ ತಲೆಮಾರು ಕಾಯಬೇಕು. ಬ್ಯಾಕ್ಟೀರಿಯಾ ಕಂಪ್ಯೂಟರ್ ಸಿಲಿಕಾನನ್ನು ಹಿಂದಿಕ್ಕುತ್ತದೆ ಎಂದು ಬರುವ ಸುದ್ದಿಗಳನ್ನು ಈ ಕಾರಣಕ್ಕೆ ನಾನು ಒಪ್ಪುವುದಿಲ್ಲ. ಆ ಸ್ಪರ್ಧೆಯೇ ತಪ್ಪು. ಕೇಳಬೇಕಾದದ್ದು ಲೆಕ್ಕ ಎಷ್ಟು ಬೇಗ ಆಗುತ್ತದೆ ಎಂದಲ್ಲ, ಎಲ್ಲಿ ಆಗುತ್ತದೆ ಎಂದು.

ಅದಕ್ಕೆ ಬರುವ ಮೊದಲು ಮೂರನೆಯ ತೊಡಕನ್ನು ಹೇಳಬೇಕು. ಇದು ಮೊದಲೆರಡಕ್ಕಿಂತ ಆಳದ್ದು. ಜೀವಕೋಶದ ಹಂಬಲ ಲೆಕ್ಕ ಮಾಡುವುದಲ್ಲ, ಎರಡಾಗುವುದು. ನಾವು ತುರುಕಿದ ಪ್ರತಿ ಗೇಟೂ ಅದರ ರೈಬೋಸೋಮ್‌ಗಳನ್ನು, ಅದರ ಶಕ್ತಿಯನ್ನು ಕಡ ತೆಗೆದುಕೊಳ್ಳುತ್ತದೆ. ಸರ್ಕ್ಯೂಟ್ ಹೊತ್ತ ಕೋಶ 30 ನಿಮಿಷಕ್ಕೊಮ್ಮೆ ಒಡೆಯುತ್ತದೆ ಎನ್ನಿ. ಎಲ್ಲೋ ಒಂದು ಕೋಶದಲ್ಲಿ ಡಿಎನ್‌ಎ ನಕಲಿನ ತಪ್ಪಿನಿಂದ ಸರ್ಕ್ಯೂಟ್ ಕೆಟ್ಟು, ಭಾರ ಇಳಿದು, ಅದು 25 ನಿಮಿಷಕ್ಕೊಮ್ಮೆ ಒಡೆಯತೊಡಗಿತು ಎನ್ನಿ. ಆಹಾರಕ್ಕೆ ಕೊರತೆ ಬಾರದಿದ್ದರೆ ಒಂದೇ ದಿನದಲ್ಲಿ ಕೆಟ್ಟ ಕೋಶದ ಸಂತಾನ ಒಳ್ಳೆಯ ಕೋಶವೊಂದರ ಸಂತಾನಕ್ಕಿಂತ 770 ಪಟ್ಟು ಮೀರುತ್ತದೆ. ಕೆಟ್ಟ ಟ್ರಾನ್ಸಿಸ್ಟರ್ ಸುಮ್ಮನೆ ಬಿದ್ದಿರುತ್ತದೆ, ಕೆಟ್ಟ ಬ್ಯಾಕ್ಟೀರಿಯಾ ಊರೆಲ್ಲ ತಾನೇ ಆಗುತ್ತದೆ. ಎಂಜಿನಿಯರನ ಎದುರು ಇಲ್ಲಿ ನಿಂತಿರುವುದು ಡಾರ್ವಿನ್ ಹೇಳಿದ ಅದೇ ನೈಸರ್ಗಿಕ ಆಯ್ಕೆ. ಜಾಣತನದ ಸರ್ಕ್ಯೂಟ್ ಎಂದರೆ ದೊಡ್ಡ ಸರ್ಕ್ಯೂಟ್ ಅಲ್ಲ, ಕೋಶಕ್ಕೆ ಹೊರೆಯೇ ಆಗದಷ್ಟು ಹಗುರಾದದ್ದು ಎಂಬ ನನ್ನ ನಿಲುವಿಗೆ ಇದೇ ಆಧಾರ.

ಈಗ ‘ಎಲ್ಲಿ’ ಎಂಬ ಪ್ರಶ್ನೆ. ಫೋನಿನ ಚಿಪ್ ರಕ್ತನಾಳದೊಳಗೆ ಹೋಗಿ ಒಂದು ಕ್ಯಾನ್ಸರ್ ಕೋಶವನ್ನು ಮುಟ್ಟಿ ನೋಡಲಾರದು. ಮುಟ್ಟಿ ನೋಡಿ, ತೀರ್ಮಾನಿಸಿ, ಅಲ್ಲೇ ಔಷಧಿಯನ್ನು ತಯಾರಿಸಲಂತೂ ಆಗದು. ಜೀವಕೋಶಕ್ಕೆ ಇವೆಲ್ಲವೂ ಒಂದೇ ಕೆಲಸ. ಅದರ ಉತ್ತರವೇ ಒಂದು ಪ್ರೋಟೀನ್, ಪ್ರೋಟೀನೇ ಕ್ರಿಯೆ. 2011ರಲ್ಲಿ ರಾನ್ ವೈಸ್, ಯಾಕೋವ್ ಬೆನೆನ್ಸನ್ ಮತ್ತು ಸಂಗಡಿಗರು ಮನುಷ್ಯರ ಜೀವಕೋಶದೊಳಗೇ ಕೂತು ಮೈಕ್ರೋ ಆರ್‌ಎನ್‌ಎ ಎಂಬ ಆರು ಬಗೆಯ ಚಿಕ್ಕ ಆರ್‌ಎನ್‌ಎಗಳ ಮಟ್ಟವನ್ನು ತೂಗಿ ನೋಡುವ ಸರ್ಕ್ಯೂಟ್ ಕಟ್ಟಿದರು. ಕೆಲವು ಹೆಚ್ಚಿರಬೇಕು, ಕೆಲವು ಕಡಿಮೆಯಿರಬೇಕು. ಎಲ್ಲವೂ ಹೊಂದಿದರೆ ಆ ಕೋಶ ಹೀಲಾ ಎಂಬ ಕ್ಯಾನ್ಸರ್ ಕೋಶವೇ ಎಂದು ತೀರ್ಮಾನಿಸಿ ಅದನ್ನು ಸಾಯಿಸಬೇಕು. ಪ್ರಯೋಗಾಲಯದ ತಟ್ಟೆಯಲ್ಲಿ ಅದು ಹೀಲಾ ಕೋಶಗಳನ್ನು ಬೇರೆ ಕೋಶಗಳಿಂದ ವಿಂಗಡಿಸಿ ಕೊಂದಿತು.

ಚಿಕಿತ್ಸೆಗೆ ಹತ್ತಿರವಾದದ್ದು ಕಾರ್-ಟಿ. ರೋಗಿಯದೇ ರಕ್ಷಣಾ ವ್ಯವಸ್ಥೆಯ ಟಿ ಕೋಶಗಳನ್ನು ಹೊರತೆಗೆದು, ಅವುಗಳಿಗೆ ಹೊಸ ಗ್ರಾಹಕವೊಂದರ ಜೀನ್ ಸೇರಿಸಿ, ಮರಳಿ ದೇಹಕ್ಕೆ ಬಿಡುವ ಚಿಕಿತ್ಸೆ ಇದು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಕೇಂದ್ರದ ಕೆಲಸದಿಂದ ಹುಟ್ಟಿದ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು. ಅದು ಹುಡುಕುವುದು ಸಿಡಿ19 ಎಂಬ ಒಂದೇ ಗುರುತನ್ನು. ಆ ಗುರುತು ರಕ್ತದಲ್ಲಿರುವ, ಕ್ಯಾನ್ಸರ್‌ಗೆ ತಿರುಗಿದ ಬಿ ಕೋಶಗಳ ಮೇಲೂ ಇದೆ, ಆರೋಗ್ಯವಂತ ಬಿ ಕೋಶಗಳ ಮೇಲೂ ಇದೆ, ಎರಡೂ ಸಾಯುತ್ತವೆ. ಬಿ ಕೋಶಗಳಿಲ್ಲದೆ ಮನುಷ್ಯ ವೈದ್ಯರ ನಿಗಾದಲ್ಲಿ ಬದುಕಬಲ್ಲ. ಆದರೆ ಶ್ವಾಸಕೋಶದ್ದೋ ಯಕೃತ್ತಿನದೋ ಗಡ್ಡೆಯ ಗುರುತು ಆರೋಗ್ಯವಂತ ಶ್ವಾಸಕೋಶದ ಮೇಲೆ ಅಥವಾ ಯಕೃತ್ತಿನ ಮೇಲೂ ಇದ್ದರೆ? ಅಲ್ಲಿ ಒಂದು ಗುರುತು ನಂಬಿ ಕೊಲ್ಲುವಂತಿಲ್ಲ. 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವೆಂಡೆಲ್ ಲಿಮ್ ಅವರ ತಂಡ ಟಿ ಕೋಶಕ್ಕೆ ಎರಡು ಹಂತದ ತೀರ್ಮಾನ ಕೊಟ್ಟಿತು. ಮೊದಲ ಗುರುತು ಸಿಕ್ಕಾಗ ಕೊಲ್ಲುವ ಗ್ರಾಹಕದ ಜೀನ್ ಎಚ್ಚರವಾಗುತ್ತದೆ, ಆ ಗ್ರಾಹಕಕ್ಕೆ ಎರಡನೆಯ ಗುರುತೂ ಸಿಕ್ಕರೆ ಮಾತ್ರ ದಾಳಿ. ಇಲಿಯ ದೇಹದ ಒಂದು ಬದಿಯಲ್ಲಿ ಎರಡೂ ಗುರುತಿನ ಗಡ್ಡೆ, ಇನ್ನೊಂದು ಬದಿಯಲ್ಲಿ ಒಂದೇ ಗುರುತಿನ ಗಡ್ಡೆ ಬೆಳೆಸಿ ನೋಡಿದಾಗ, ಟಿ ಕೋಶಗಳು ಮೊದಲನೆಯದನ್ನಷ್ಟೇ ಕರಗಿಸಿದವು. ಒಂದೇ ಒಂದು ಆಂಡ್ ಗೇಟ್. ಲೆಕ್ಕದ ದೃಷ್ಟಿಯಲ್ಲಿ ಅದು ತೀರ ಸರಳವಾದದ್ದು. ಆದರೆ ಅದು ನಡೆಯಬೇಕಾದ ಜಾಗದಲ್ಲಿ ನಡೆದಿದೆ.

ಹಗುರಾದ ಸರ್ಕ್ಯೂಟಿನ ಬಗ್ಗೆ ಹೇಳಿದೆನಲ್ಲ, ಅದಕ್ಕೆ ಒಳ್ಳೆಯ ಸಾಕ್ಷಿ ಹಾರ್ವರ್ಡ್‌ನ ಪಮೇಲಾ ಸಿಲ್ವರ್ ಅವರ ಪ್ರಯೋಗಾಲಯದಿಂದ ಬಂದಿದೆ. ಇಲಿಯ ಕರುಳಿಗೆ ಬಿಡುವ ಬ್ಯಾಕ್ಟೀರಿಯಾದೊಳಗೆ ಅವರು ಬಳಸಿದ್ದು, ಬ್ಯಾಕ್ಟೀರಿಯಾವನ್ನು ತಿನ್ನುವ ಲ್ಯಾಂಬ್ಡಾ ವೈರಸ್‌ನಲ್ಲಿ ನಿಸರ್ಗವೇ ಕಟ್ಟಿಟ್ಟ ಎರಡು ಪ್ರೋಟೀನ್‌ಗಳ ಸ್ವಿಚ್ಚನ್ನು. ಕರುಳಿನಲ್ಲಿ ಉರಿಯೂತ ಆದಾಗ ಟೆಟ್ರಾಥಯೊನೇಟ್ ಎಂಬ ಸಂಯುಕ್ತ ಹುಟ್ಟುತ್ತದೆ. ಅದು ಸೋಕಿದರೆ ಸ್ವಿಚ್ ಮಗುಚಿ, ಮಗುಚಿದಂತೆಯೇ ಉಳಿಯುತ್ತದೆ. ಇಲಿಯ ಹಿಕ್ಕೆಯಿಂದ ಬ್ಯಾಕ್ಟೀರಿಯಾ ತೆಗೆದು ತಟ್ಟೆಯಲ್ಲಿ ಬೆಳೆಸಿದಾಗ ಉರಿಯೂತ ಕಂಡ ಕೋಶಗಳ ಕಾಲೊನಿ ನೀಲಿಯಾಗುತ್ತದೆ. 2017ರಲ್ಲಿ ಪ್ರಕಟವಾದ ವರದಿಯಂತೆ ಈ ಬ್ಯಾಕ್ಟೀರಿಯಾ ಇಲಿಯ ಕರುಳಿನಲ್ಲಿ, ಅಲ್ಲಿನ ಇತರ ಸೂಕ್ಷ್ಮಜೀವಿಗಳ ಪೈಪೋಟಿಯ ನಡುವೆ, ಆರು ತಿಂಗಳು ಉಳಿಯಿತು. ಸರ್ಕ್ಯೂಟೂ ಕೆಡದೆ ಕೆಲಸ ಮಾಡುತ್ತಿತ್ತು. ಮಗುಚುವ ತನಕ ಆ ಸ್ವಿಚ್ ಕೋಶದಿಂದ ಕಡ ಕೇಳುವುದು ತೀರ ಕಡಿಮೆ.

ಇಲಿಯಿಂದ ಮನುಷ್ಯರ ಕಡೆಗೆ ಹೊರಟಾಗ ಇನ್ನೊಂದು ಹೊಣೆ ಬರುತ್ತದೆ. ಕರುಳಿನ ಬ್ಯಾಕ್ಟೀರಿಯಾ ಕರುಳಿನಲ್ಲೇ ಉಳಿಯುವುದಿಲ್ಲ, ಮಲದ ಜೊತೆ ಹೊರಬರುತ್ತದೆ, ಚರಂಡಿಗೆ, ಹೊಳೆಗೆ, ಗದ್ದೆಗೆ ಹೋಗುತ್ತದೆ. ಇದನ್ನು ತಡೆಯಲು 2015ರಲ್ಲಿ ಜಾರ್ಜ್ ಚರ್ಚ್ ಮತ್ತು ಫರೆನ್ ಐಸಾಕ್ಸ್ ಅವರ ತಂಡಗಳು ಬೇರೆಬೇರೆಯಾಗಿ ಒಂದು ದಾರಿ ತೋರಿಸಿದವು: ನಿಸರ್ಗದಲ್ಲಿ ಸಿಗದ ಕೃತಕ ಅಮೈನೊ ಆಮ್ಲ ಕೊಟ್ಟರೆ ಮಾತ್ರ ಬದುಕಬಲ್ಲ ಇ. ಕೋಲೈ. ಅದಕ್ಕಾಗಿ ಬ್ಯಾಕ್ಟೀರಿಯಾದ ಆನುವಂಶಿಕ ಸಂಕೇತದ ಒಂದು ಪದವನ್ನೇ ಖಾಲಿ ಮಾಡಿ ಬೇರೆ ಅರ್ಥಕ್ಕೆ ಬಳಸಬೇಕಾಯಿತು. ಕರುಳಿನೊಳಗಿನ ಲೆಕ್ಕಕ್ಕೆ ಇಂಥ ತಳಿಯನ್ನೇ ಬಳಸುವುದಾದರೆ ರೋಗಿ ಆ ಅಮೈನೊ ಆಮ್ಲವನ್ನೂ ತಪ್ಪದೆ ಸೇವಿಸುತ್ತಿರಬೇಕು. ಕೋಶವೂ ಲೆಕ್ಕದ ಭಾರದ ಜೊತೆಗೆ ಬೇಲಿಯ ಭಾರವನ್ನು ಹೊತ್ತುಕೊಂಡೇ ಕರುಳಿನ ಪೈಪೋಟಿಯಲ್ಲಿ ಉಳಿಯಬೇಕು.